ಪಾಠದ ಹೊಣೆ

೧

ಪಾಠಶಾಲೆಯೆಂಬುದು ಎಂದೂ ಬರಿಗೈಯಿಂದ ನಡೆದುದಲ್ಲ. ನಮ್ಮ ಹಿರಿಯರು ಕೂಲಿಮಠಗಳಲ್ಲಿ ಅಕ್ಷರವನ್ನು ತಿದ್ದಿದುದು ಮರಳಿನ ಮೇಲೆ. ಲೆಕ್ಕವನ್ನು ಬರೆದುದು ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಮಸಿಯನ್ನೂ ಬಳಿದು ಮಡಿಸಿದ ಬಟ್ಟೆಯ ಕಡತದಲ್ಲಿ. ಅನಂತರ ಸ್ಲೇಟೂ ಬಳಪವೂ ಬಂದುವು; ಗೋಡೆಗೆ ಕರಿಹಲಗೆ ಬಂದಿತು; ಅಚ್ಚಿನ ಪುಸ್ತಕ, ಭೂಪಟ, ಗೋಳ, ಪ್ರಯೋಗಶಾಲೆಯ ಗಾಜಿನ ನಳಿಕೆಗಳು ಒಂದೊಂದಾಗಿ ಬಂದು ಸೇರಿದುವು. ಈಗ ಬಂದಿರುವುದು ಬೆಳಕು ಬೀರುವ ತೆರೆ. ಗೋಡೆಯ ಮೇಲಿದ್ದರೆ ಅದೊಂದೇ ಇಡಿಯ ತರಗತಿಗೆ ಸಾಕು. ಅಂಗೈಯಲ್ಲಿದ್ದರೆ ಒಬ್ಬ ಬಾಲಕನಿಗೆ. ಅದರ ಹಿಂದೆ ಅಂತರ್ಜಾಲವೆಂಬ ಭಂಡಾರವಿದೆ. ಚಿತ್ರವೂ ಧ್ವನಿಯೂ ಬರೆಹವೂ ಕರೆದೊಡನೆ ಅಲ್ಲಿಂದ ಬರುತ್ತವೆ. ಕೇಳಿದ ಪ್ರಶ್ನೆಗೆ ತಾನೇ ಉತ್ತರವನ್ನು ರಚಿಸಿಕೊಡುವ ಯಂತ್ರಗಳೂ ೨೦೨೨ರ ಕೊನೆಯಿಂದೀಚೆಗೆ ಜನಸಾಮಾನ್ಯರ ಕೈಗೆ ದೊರೆತಿವೆ.

ಇವನ್ನು ಕುರಿತು ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆಯು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಇನ್ನು ಉಪಾಧ್ಯಾಯನ ಅವಶ್ಯಕತೆಯೇ ಇಲ್ಲವೆಂದು ಒಬ್ಬರು ಹೇಳುವರು. ಮಕ್ಕಳು ಕೆಟ್ಟುಹೋದರೆಂದು ಇನ್ನೊಬ್ಬರು ಹೇಳುವರು. ಇಬ್ಬರ ದೃಷ್ಟಿಯೂ ಉಪಕರಣದ ಮೇಲೆಯೇ ನಿಂತಿದೆ. ಅದನ್ನು ಹಿಡಿದ ಕೈಯನ್ನೂ ಅದರ ಮುಂದೆ ಕುಳಿತ ಮಗುವನ್ನೂ ಇಬ್ಬರೂ ನೋಡಿಲ್ಲ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಪಾಠ ಹೇಳುವ ಕಾರ್ಯದಲ್ಲಿ ಯಾವ ಭಾಗವನ್ನು ಉಪಕರಣಕ್ಕೆ ವಹಿಸಿಕೊಡಬಹುದು? ಯಾವುದನ್ನು ವಹಿಸಿಕೊಡಲಾಗದು? ವಹಿಸಿಕೊಡಲಾಗದುದನ್ನು ವಹಿಸಿಕೊಟ್ಟರೆ ನಷ್ಟಕ್ಕೆ ಗುರಿಯಾಗುವವರು ಯಾರು? ಇದು ಯಂತ್ರಶಾಸ್ತ್ರದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ಆದಕಾರಣ ಯಂತ್ರಶಾಸ್ತ್ರವನ್ನು ಅರಿಯದವರೂ ಇದನ್ನು ವಿಚಾರಮಾಡಲು ಅಧಿಕಾರಿಗಳೇ ಆಗಿದ್ದಾರೆ.

೨

ಮೊದಲು ಹಿಂದಿನವರ ಅನುಭವವನ್ನು ಸ್ವಲ್ಪ ನೋಡೋಣ. ಹೊಸ ಉಪಕರಣವನ್ನು ಕಂಡು ಹೆದರುವುದು ಹಳೆಯ ಅಭ್ಯಾಸ. ಗ್ರೀಕ್ ದೇಶದ ತತ್ತ್ವಜ್ಞಾನಿಯಾದ ಪ್ಲೇಟೋ ತನ್ನ 'ಫೀಡ್ರಸ್' ಎಂಬ ಸಂವಾದದಲ್ಲಿ ಒಂದು ಕಥೆಯನ್ನು ಸಾಕ್ರಟೀಸನ ಬಾಯಿಂದ ಹೇಳಿಸಿದ್ದಾನೆ. ಬರೆವಣಿಗೆಯನ್ನು ಕಂಡುಹಿಡಿದ ಈಜಿಪ್ಟಿನ ದೇವತೆಯೊಬ್ಬನು, ಇದರಿಂದ ಜನರ ನೆನಪೂ ವಿವೇಕವೂ ಬೆಳೆಯುವುವೆಂದು ಅರಸನ ಮುಂದೆ ಹೊಗಳಿಕೊಳ್ಳುತ್ತಾನೆ. ಅರಸನು ಒಪ್ಪುವುದಿಲ್ಲ. ಬರೆಹವನ್ನು ನಂಬಿದವರು ನೆನಪಿನ ಶಕ್ತಿಯನ್ನು ಕಳೆದುಕೊಳ್ಳುವರು, ತಿಳಿಯದೆಯೇ ತಿಳಿದವರಂತೆ ತೋರುವರು ಎಂಬುದು ಅವನ ಆಕ್ಷೇಪ. ಬರೆಹವನ್ನು ಪ್ರಶ್ನಿಸಿದರೆ ಅದು ಹೇಳಿದ್ದನ್ನೇ ಹೇಳುತ್ತಿರುವುದಲ್ಲದೆ ಬೇರೆ ಉತ್ತರ ಕೊಡಲಾರದೆಂದೂ ಸಾಕ್ರಟೀಸನು ಅಲ್ಲಿ ಸೇರಿಸುತ್ತಾನೆ. ಅರಸನ ಭಯವು ಪೂರ್ತಿ ನಿಜವಾಗಲಿಲ್ಲ. ಬರೆಹವಿಲ್ಲದಿದ್ದರೆ ಆ ಕಥೆಯೇ ನಮಗೆ ತಲಪುತ್ತಿರಲಿಲ್ಲ. ಪೂರ್ತಿ ಸುಳ್ಳೂ ಆಗಲಿಲ್ಲವೆಂಬುದನ್ನು ಪರೀಕ್ಷೆಗಾಗಿ ಟಿಪ್ಪಣಿಯನ್ನು ಉರುಹಾಕುವ ಯಾವ ವಿದ್ಯಾರ್ಥಿಯನ್ನು ನೋಡಿದರೂ ತಿಳಿಯಬಹುದು.

ಭಯದಂತೆಯೇ ಆಶೆಯೂ ಮೇರೆಮೀರಿದುದುಂಟು. ಚಲಚ್ಚಿತ್ರಯಂತ್ರದ ನಿರ್ಮಾತೃಗಳಲ್ಲಿ ಒಬ್ಬನಾದ ಎಡಿಸನ್ನನು ೧೯೧೩ರಲ್ಲಿ, ಇನ್ನು ಶಾಲೆಗಳಲ್ಲಿ ಪುಸ್ತಕಗಳಿಗೆ ಕೆಲಸವಿರದು, ಹತ್ತು ವರ್ಷಗಳೊಳಗಾಗಿ ವಿದ್ಯಾಭ್ಯಾಸಕ್ರಮವೇ ಬದಲಾಗುವುದು ಎಂಬ ಅಭಿಪ್ರಾಯವನ್ನು ಕೊಟ್ಟನು. ನೂರಹತ್ತು ವರ್ಷಗಳು ಕಳೆದರೂ ಪುಸ್ತಕವು ಶಾಲೆಯನ್ನು ಬಿಟ್ಟುಹೋಗಿಲ್ಲ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಸಂಬಂಧಪಟ್ಟ ಚರಿತ್ರೆಯೊಂದುಂಟು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಸ್ವಂತ ಪ್ರಯತ್ನದಿಂದ ಬಾನುಲಿ ಕೇಂದ್ರವೊಂದನ್ನು ತೆರೆದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದೊಡನೆಯೇ ಪ್ರಸಿದ್ಧವಾಯಿತು. ಅದಾದ ನಾಲ್ವತ್ತು ವರ್ಷಗಳಿಗೆ, ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ, ಅಮೆರಿಕದಿಂದ ಎರವಲಾಗಿ ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳುಹಿಸಲಾಯಿತು. ನಮ್ಮಲ್ಲಿ ಇಂದಿನ ಕಲಬುರಗಿ, ರಾಯಚೂರು, ವಿಜಯಪುರಗಳ ಕಡೆಯ ಹಳ್ಳಿಗಳು ಇದಕ್ಕೆ ಆರಿಸಲ್ಪಟ್ಟಿದ್ದುವು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗಾಗಿ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷಗಳ ಕಾರ್ಯಕ್ರಮವಿರುತ್ತಿತ್ತು. ವಿದ್ಯುದ್ದೀಪವೂ ಅಪರೂಪವಾಗಿದ್ದ ಊರುಗಳಲ್ಲಿ ಮಕ್ಕಳು ಆಕಾಶದಿಂದಿಳಿದ ಚಿತ್ರವನ್ನು ನೋಡಿದರು. ಒಂದು ವರ್ಷದ ವಾಯಿದೆ ತೀರಿತು. ಉಪಗ್ರಹವು ಒಡೆಯರ ವಶಕ್ಕೆ ಮರಳಿತು. ಮುಂದೆ ೨೦೦೪ರಲ್ಲಿ ನಮ್ಮದೇ ಆದ 'ಎಜುಸ್ಯಾಟ್' ಎಂಬ ಉಪಗ್ರಹವು ವಿದ್ಯಾಭ್ಯಾಸಕ್ಕೆಂದೇ ಹಾರಿಸಲ್ಪಟ್ಟು, ಅದರ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಬಂದುವು. ೨೦೧೭ರಲ್ಲಿ ಕೇಂದ್ರ ಸರಕಾರದ 'ದೀಕ್ಷಾ' ಎಂಬ ಜಾಲತಾಣವು ತೆರೆಯಿತು. ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾದ ಚೌಕದ ಗುರುತನ್ನು ಮೊಬೈಲಿಗೆ ತೋರಿಸಿದರೆ ಆ ಪಾಠಕ್ಕೆ ಸಂಬಂಧಿಸಿದ ಚಿತ್ರವೋ ವಿವರಣೆಯೋ ಇಂದು ಕಣ್ಣೆದುರಿಗೆ ಬರುತ್ತದೆ.

ಈ ಎಲ್ಲ ಪ್ರಯತ್ನಗಳೂ ಗೌರವಕ್ಕೆ ಅರ್ಹವಾದುವೇ. ಆದರೆ ಇವುಗಳ ಚರಿತ್ರೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ದೂರದಿಂದ ಬಂದ ಪಾಠವು ಹಳ್ಳಿಯ ಶಾಲೆಯ ಗೋಡೆಯವರೆಗೆ ಬರಬಲ್ಲುದು, ಅಲ್ಲಿಂದ ಮಗುವಿನ ಮನಸ್ಸಿನವರೆಗಿನ ಮೂರು ಮೊಳದ ದಾರಿಯನ್ನು ಕ್ರಮಿಸಲು ಅಲ್ಲಿಯೇ ನಿಂತಿರುವ ಒಬ್ಬ ಮನುಷ್ಯನು ಬೇಕಾಗುತ್ತಾನೆ.

೩

ಹಾಗೆಂದ ಮಾತ್ರಕ್ಕೆ ಉಪಕರಣದ ಉಪಕಾರವನ್ನು ಮರೆಯಬಾರದು. ಕಣ್ಣಿಗೆ ಕಾಣದುದನ್ನು ಕಾಣಿಸುವ ವಿಷಯದಲ್ಲಿ ಸೀಮೆಸುಣ್ಣಕ್ಕಿಂತ ಅದು ಎಷ್ಟೋ ಮೇಲು. ಹೃದಯದ ನಾಲ್ಕು ಕೋಣೆಗಳು ತೆರೆದು ಮುಚ್ಚುವ ಕ್ರಮ, ಚಂದ್ರನು ಭೂಮಿಯನ್ನು ಸುತ್ತುವಾಗ ಕಲೆಗಳು ಬೆಳೆದು ಕರಗುವ ಬಗೆ, ನೀರು ಕಾದು ಆವಿಯಾಗುವಾಗ ಕಣಗಳು ಬೇರೆಬೇರೆಯಾಗುವ ರೀತಿ, ಇವನ್ನು ಹಲಗೆಯ ಮೇಲೆ ಬರೆಯುವ ಉಪಾಧ್ಯಾಯನು ಚಲನೆಯನ್ನು ನಿಲ್ಲಿಸಿಯೇ ಬರೆಯಬೇಕು. ನಿಂತ ಚಿತ್ರದಿಂದ ಚಲನೆಯನ್ನು ಊಹಿಸಿಕೊಳ್ಳುವ ಭಾರವು ಮಗುವಿನ ಮೇಲೆ ಬೀಳುತ್ತದೆ. ಭೌತಶಾಸ್ತ್ರದಲ್ಲಿ ೨೦೦೧ರ ನೊಬೆಲ್ ಪಾರಿತೋಷಕವನ್ನು ಪಡೆದ ಕಾರ್ಲ್ ವೀಮನ್ ಎಂಬವರು ಮರುವರ್ಷವೇ ಕೊಲೊರಾಡೋ ವಿಶ್ವವಿದ್ಯಾನಿಲಯದಲ್ಲಿ ಇಂತಹ ಚಲಿಸುವ ಪ್ರಯೋಗಗಳನ್ನು ರಚಿಸುವ 'ಫೆಟ್' ಎಂಬ ಕಾರ್ಯವನ್ನು ಆರಂಭಿಸಿದರು. ಅವು ಯಾರಿಗೂ ಬೆಲೆಯಿಲ್ಲದೆ ದೊರೆಯುತ್ತವೆ; ಅವುಗಳಲ್ಲಿ ಹಲವು ಕನ್ನಡದಲ್ಲಿಯೂ ಇವೆ. ಪ್ರಯೋಗಶಾಲೆಯಿಲ್ಲದ ಪ್ರೌಢಶಾಲೆಯ ಹುಡುಗಿಯು ತಂತಿ, ದೀಪ, ವಿದ್ಯುತ್ಕೋಶಗಳನ್ನು ತೆರೆಯ ಮೇಲೆ ಜೋಡಿಸಿ, ಒಂದು ದೀಪವನ್ನು ತೆಗೆದರೆ ಇನ್ನೊಂದು ಏಕೆ ಆರುವುದೆಂಬುದನ್ನು ಕೆಡಿಸಿ ಕಟ್ಟಿ ನೋಡಬಹುದು.

ಇನ್ನೂ ದೊಡ್ಡ ಉಪಕಾರವೊಂದಿದೆ. ಆಸ್ಟ್ರೇಲಿಯದ ಇಬ್ಬರು ದೃಷ್ಟಿಹೀನ ತರುಣರು ೨೦೦೬ರಿಂದ ಬೆಳೆಸಿದ 'ಎನ್‌ವಿಡಿಎ' ಎಂಬ ತಂತ್ರಾಂಶವು ಗಣಕಯಂತ್ರದ ತೆರೆಯ ಮೇಲಿನ ಬರೆಹವನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ, ಅದೂ ಬೆಲೆಯಿಲ್ಲದೆ ದೊರೆಯುತ್ತದೆ. ಕಣ್ಣಿಲ್ಲದ ಬಾಲಕನು ಹಿಂದೆ ಇನ್ನೊಬ್ಬರ ಬಿಡುವನ್ನು ಕಾದು, ಅವರು ಓದಿದಷ್ಟನ್ನು ಮಾತ್ರ ಕೇಳಬೇಕಾಗಿತ್ತು. ಈಗ ತನಗೆ ಬೇಕಾದುದನ್ನು ಬೇಕಾದ ಹೊತ್ತಿನಲ್ಲಿ ಓದಬಲ್ಲನು. ಯಂತ್ರವು ಮನುಷ್ಯತ್ವಕ್ಕೆ ವಿರೋಧಿಯೆಂದು ಸಾರಾಸಗಟಾಗಿ ಹೇಳುವವರು ಆ ಬಾಲಕನ ಮುಂದೆ ನಿಂತು ಆ ಮಾತನ್ನು ಹೇಳಲಾರರು. ನಾಚಿಕೆಯ ಸ್ವಭಾವದ ಮಗುವಿನ ವಿಷಯವೂ ಇಂಥದೇ. ತರಗತಿಯಲ್ಲಿ ಮೂರನೆಯ ಸಲ ಅದೇ ಪ್ರಶ್ನೆಯನ್ನು ಕೇಳಲು ಅದಕ್ಕೆ ಧೈರ್ಯ ಸಾಲದು. ಯಂತ್ರವು ಮುವ್ವತ್ತು ಸಲ ಕೇಳಿದರೂ ಹುಬ್ಬು ಗಂಟಿಕ್ಕುವುದಿಲ್ಲ.

ಆದುದರಿಂದ ಉಪಕರಣವನ್ನು ದೂರಮಾಡುವುದೇ ಸದಾಚಾರವೆಂಬ ವಾದವು ನಿಲ್ಲುವುದಿಲ್ಲ. ಅದನ್ನು ಎಲ್ಲಿಗೆ ತಂದು ಎಲ್ಲಿ ನಿಲ್ಲಿಸಬೇಕೆಂಬುದೇ ಪ್ರಶ್ನೆ.

೪

ಪಾಠದಲ್ಲಿ ಎರಡು ಅಂಶಗಳಿವೆ. ತಿಳಿಸುವುದು ಒಂದು, ತಿಳಿಯಿತೆ ಇಲ್ಲವೆ ಎಂಬುದಕ್ಕೆ ಹೊಣೆಯಾಗುವುದು ಇನ್ನೊಂದು. ಇವೆರಡೂ ಒಬ್ಬನೇ ಮನುಷ್ಯನಲ್ಲಿ ಕೂಡಿದ್ದುದರಿಂದ ಇವು ಬೇರೆಬೇರೆಯೆಂಬುದು ನಮಗೆ ಇಷ್ಟುಕಾಲ ಹೊಳೆಯಲಿಲ್ಲ. ಯಂತ್ರವು ಮೊದಲನೆಯದನ್ನು ಬೇರ್ಪಡಿಸಿ ತೆಗೆದುಕೊಂಡುದರಿಂದ ಎರಡನೆಯದು ಈಗ ಒಂಟಿಯಾಗಿ ನಮ್ಮ ಕಣ್ಣಿಗೆ ಬಿದ್ದಿದೆ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಅರ್ಧಕ್ಕೆ ಮೂರನೆಯ ಒಂದು ಭಾಗವನ್ನು ಕೂಡಿಸಿದರೆ ಎಷ್ಟೆಂದು ಕೇಳಿದಾಗ, ಐದನೆಯ ಎರಡು ಭಾಗವೆಂದು ಮಗು ಬರೆಯುತ್ತದೆ. ಮೇಲಿನ ಅಂಕಿಗಳನ್ನು ಕೂಡಿಸಿ ಮೇಲೆ, ಕೆಳಗಿನ ಅಂಕಿಗಳನ್ನು ಕೂಡಿಸಿ ಕೆಳಗೆ ಬರೆದಿದೆ. ಸಾಮಾನ್ಯ ಯಂತ್ರವು ಕೆಂಪು ಗುರುತು ಹಾಕಿ ಮುಂದಿನ ಲೆಕ್ಕಕ್ಕೆ ಹೋಗುತ್ತದೆ. ಬಲ್ಲ ಉಪಾಧ್ಯಾಯನು, 'ಅರ್ಧ ರೊಟ್ಟಿ ನಿನ್ನಲ್ಲಿತ್ತು. ಇನ್ನಷ್ಟು ಕೊಟ್ಟಮೇಲೆ ಅರ್ಧಕ್ಕಿಂತ ಕಡಮೆಯಾಯಿತೆ?' ಎಂದು ಕೇಳುತ್ತಾನೆ. ಮಗು ತಾನು ಬರೆದುದನ್ನು ತಾನೇ ನೋಡಿ ನಗುತ್ತದೆ. ಅಂದಿನಿಂದ ಆ ತಪ್ಪು ಮತ್ತೆ ಬರುವುದು ಕಷ್ಟ.

ಇದಕ್ಕೆ ಪೂರ್ವಪಕ್ಷವೊಂದುಂಟು. ಈಗಿನ ಹೊಸ ಯಂತ್ರಗಳು ತಪ್ಪಿನ ಕಾರಣವನ್ನೂ ಊಹಿಸಬಲ್ಲವು, ರೊಟ್ಟಿಯ ಉದಾಹರಣೆಯನ್ನೂ ಕೊಡಬಲ್ಲವು. ಹಾಗಿರುವಾಗ ಉಪಾಧ್ಯಾಯನ ಹೆಚ್ಚಳವೆಲ್ಲಿ? ಈ ಆಕ್ಷೇಪದಲ್ಲಿ ಸತ್ಯವಿದೆ. ಉಪಾಧ್ಯಾಯನ ಹೆಚ್ಚಳವನ್ನು ಅವನ ಜಾಣತನದ ಮೇಲೆ ನಿಲ್ಲಿಸಿದವರು ಇಂದಲ್ಲದಿದ್ದರೆ ನಾಳೆ ಸೋಲಬೇಕಾಗುವುದು. ನಾವು ಅದನ್ನು ನಿಲ್ಲಿಸಬೇಕಾದುದು ಹೊಣೆಯ ಮೇಲೆ. ಮಗುವಿಗೆ ತಿಳಿಯದಿದ್ದರೆ ಉಪಾಧ್ಯಾಯನು ಅದಕ್ಕಾಗಿ ತಾಯಿತಂದೆಗಳ ಮುಂದೆ ನಿಲ್ಲಬೇಕು; ಮರುದಿನ ಅದೇ ಮಗುವಿನ ಮುಖವನ್ನು ಮತ್ತೆ ನೋಡಬೇಕು. ಮಗು ಮೂರು ದಿನ ಶಾಲೆಗೆ ಬಾರದಿದ್ದರೆ ಅದರ ಮನೆಯ ಕಡೆಗೆ ಹೆಜ್ಜೆಹಾಕುವುದು ಅವನ ಧರ್ಮ. ಓದದಿರುವುದಕ್ಕೆ ಕಾರಣ ಸೋಮಾರಿತನವೋ, ಹಸಿವೋ, ಮನೆಯಲ್ಲಿ ನಡೆದ ಜಗಳವೋ ಎಂಬುದನ್ನು ಕೇಳುವ ಅಧಿಕಾರವೂ, ಕೇಳಿದಮೇಲೆ ಸುಮ್ಮನಿರಲಾರದ ಬಂಧನವೂ ಅವನಿಗಿವೆ. ಯಂತ್ರವು ತಪ್ಪು ಹೇಳಿದರೂ ಅದಕ್ಕೆ ನಾಚಿಕೆಯಿಲ್ಲ. ಮಗು ಸೋತರೂ ಅದಕ್ಕೆ ನೋವಿಲ್ಲ. ನೋವಿಲ್ಲದುದನ್ನು ದೋಷವೆನ್ನಲಾಗದು, ಅದು ಯಂತ್ರದ ಸ್ವಭಾವ. ಅಂತಹ ಸ್ವಭಾವದ ವಸ್ತುವಿಗೆ ಮಗುವನ್ನು ಒಪ್ಪಿಸಿ ಎದ್ದುಹೋಗುವ ಮನುಷ್ಯನಲ್ಲಿ ಮಾತ್ರ ದೋಷವುಂಟು.

ನಮ್ಮ ಪುರಾಣಗಳಲ್ಲಿ ಗುರುವಿಲ್ಲದೆ ಗುರುವಿನ ಪ್ರತಿಮೆಯಿಂದಲೇ ಕಲಿತವನೊಬ್ಬನಿದ್ದಾನೆ. ದ್ರೋಣನು ತಿರಸ್ಕರಿಸಿದ ಏಕಲವ್ಯನು ಕಾಡಿನಲ್ಲಿ ಮಣ್ಣಿನ ದ್ರೋಣನನ್ನು ನಿಲ್ಲಿಸಿಕೊಂಡು ಬಿಲ್ವಿದ್ಯೆಯಲ್ಲಿ ಅರ್ಜುನನನ್ನೂ ಬೆರಗುಗೊಳಿಸುವಷ್ಟು ನಿಪುಣನಾದನು. ಶ್ರದ್ಧೆಯೊಂದಿದ್ದರೆ ಪ್ರತಿಮೆಯೇ ಸಾಕೆಂಬುದಕ್ಕೆ ಈ ಕಥೆಯನ್ನು ಉದಾಹರಿಸುವುದುಂಟು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲವಷ್ಟೆ. ಕಲಿಸದ ಗುರು ದಕ್ಷಿಣೆಗೆ ಬಂದನು. ಕೇಳಿದುದು ಬಲಗೈಯ ಹೆಬ್ಬೆರಳನ್ನು. ಆಗ ಮಣ್ಣಿನ ಗುರುವು ಏಕಲವ್ಯನ ಪಕ್ಷವಾಗಿ ಒಂದು ಮಾತನ್ನೂ ಆಡಲಿಲ್ಲ, ಆಡುವಂತಿರಲಿಲ್ಲ. ವಿದ್ಯೆಯನ್ನು ಪ್ರತಿಮೆಯಿಂದ ಪಡೆಯಬಹುದು, ರಕ್ಷಣೆಯನ್ನು ಪಡೆಯಲಾಗದು. ಏಕಲವ್ಯನಿಗೆ ಕಲಿಸುವವರ ಕೊರತೆಯಿರಲಿಲ್ಲವೆಂದೇ ಹೇಳಬಹುದು. ಅವನಿಗಿದ್ದುದು ತನ್ನವನೆಂದು ಹೇಳುವವರ ಕೊರತೆ. ಇಂದು ಬಡ ಮನೆಯ ಬುದ್ಧಿವಂತ ಹುಡುಗನಿಗೆ ಒಂದು ತೆರೆಯನ್ನು ಕೊಟ್ಟು, ಇನ್ನು ನೀನೇ ಕಲಿತುಕೋ ಎನ್ನುವವರು ಈ ಕಥೆಯ ಉತ್ತರಾರ್ಧವನ್ನು ಮರೆಯಬಾರದು.

೫

ಹೊಣೆಯೆಂಬುದು ಬರಿಯ ಭಾವನೆಯ ಮಾತೆಂದು ಯಾರಾದರೂ ಹೇಳಬಹುದು. ಪರೀಕ್ಷಿಸಿ ನೋಡಿದವರ ಅನುಭವವು ಬೇರೆ ರೀತಿಯದಾಗಿದೆ. ದಕ್ಷಿಣ ಅಮೆರಿಕದ ಪೆರು ದೇಶದ ಸರಕಾರವು ಹಳ್ಳಿಯ ಮಕ್ಕಳಿಗೆ ತಲೆಗೊಂದರಂತೆ ಸಣ್ಣ ಗಣಕಯಂತ್ರಗಳನ್ನು ಹಂಚಿತು. ಮುನ್ನೂರಕ್ಕೂ ಹೆಚ್ಚು ಶಾಲೆಗಳನ್ನು ಪರಿಶೀಲಿಸಿ ೨೦೧೨ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳು ಮುಂದುವರಿದುದು ಕಂಡುಬರಲಿಲ್ಲ. ಸಾಮಾನ್ಯ ಬುದ್ಧಿಚಾತುರ್ಯದಲ್ಲಿ ಮಾತ್ರ ಸ್ವಲ್ಪ ಪ್ರಗತಿಯಿತ್ತು. ಯಂತ್ರಗಳು ತಲಪಿದುವು, ಅವುಗಳಿಂದ ಏನನ್ನು ಮಾಡಬೇಕೆಂದು ಬಲ್ಲ ಉಪಾಧ್ಯಾಯರನ್ನು ಸಿದ್ಧಪಡಿಸುವ ಕಾರ್ಯವು ಹಿಂದೆಬಿದ್ದಿತು.

ನಮ್ಮ ದೇಶದ ಗುಜರಾತಿನಲ್ಲಿ ನಡೆದ ಪರೀಕ್ಷೆಯು ಇನ್ನೂ ಸ್ಪಷ್ಟವಾದುದು. ಜ್ಞಾನಶಾಲಾ ಎಂಬ ಸಂಸ್ಥೆಯ ಪಾಠಶಾಲೆಗಳಲ್ಲಿ ಗಣಿತಕ್ಕಾಗಿ ಗಣಕಯಂತ್ರವನ್ನು ಎರಡು ವಿಧದಲ್ಲಿ ಉಪಯೋಗಿಸಿ ನೋಡಿದರು. ಕೆಲವೆಡೆ ಉಪಾಧ್ಯಾಯರ ಪಾಠದ ಹೊತ್ತನ್ನೇ ತೆಗೆದು ಯಂತ್ರಕ್ಕೆ ಕೊಟ್ಟರು. ಬೇರೆಡೆ ಪಾಠವನ್ನು ಇದ್ದಂತೆಯೇ ಇರಿಸಿ, ಶಾಲೆಯ ಹೊತ್ತಿನ ಹೊರಗೆ ಯಂತ್ರದ ಅಭ್ಯಾಸವನ್ನು ಸೇರಿಸಿದರು. ೨೦೦೮ರಲ್ಲಿ ಹೊರಬಂದ ವರದಿಯ ಪ್ರಕಾರ, ಮೊದಲನೆಯ ಕ್ರಮದಲ್ಲಿ ಮಕ್ಕಳು ಹಿಂದೆಬಿದ್ದರು, ಎರಡನೆಯದರಲ್ಲಿ ಮುಂದುವರಿದರು. ಯಂತ್ರವೂ ಅದೇ, ಲೆಕ್ಕಗಳೂ ಅವೇ. ಉಪಾಧ್ಯಾಯನ ಬದಲಿಗೆ ನಿಂತಾಗ ಅದು ಕೆಡಿಸಿತು; ಉಪಾಧ್ಯಾಯನ ಜೊತೆಗೆ ನಿಂತಾಗ ಬೆಳೆಸಿತು. ಉಪಕರಣವು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ, ಅದು ಯಾರ ಸ್ಥಾನದಲ್ಲಿ ನಿಂತಿದೆಯೆಂದು ನೋಡಿಯೇ ಉತ್ತರ ಹೇಳಬೇಕೆಂಬುದಕ್ಕೆ ಇದಕ್ಕಿಂತ ಸರಳವಾದ ದೃಷ್ಟಾಂತ ಸಿಕ್ಕಲಾರದು.

ಈ ತತ್ತ್ವವು ಇಡಿಯ ನಾಡಿನ ಮುಂದೆ ಪರೀಕ್ಷೆಗೆ ನಿಂತುದು ೨೦೨೦ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಕೋವಿಡ್ ಸೋಂಕಿನಿಂದಾಗಿ ಶಾಲೆಗಳು ಮುಚ್ಚಿದುವು. ಪಾಠಗಳು ಮೊಬೈಲಿಗೆ ಬಂದುವು. ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ 'ಸಂವೇದ' ಎಂಬ ಪಾಠಮಾಲೆಯು ಆರಂಭವಾಯಿತು. ಚಿಕ್ಕ ಮಕ್ಕಳಿಗೆ ತೆರೆಯ ಪಾಠ ಬೇಡವೆಂದು ರಾಜ್ಯ ಸರಕಾರವು ಜೂನಿನಲ್ಲಿ ನಿರ್ಬಂಧಿಸಿದರೆ, ಆ ಆಜ್ಞೆಗಳನ್ನು ಉಚ್ಚ ನ್ಯಾಯಾಲಯವು ಜುಲೈ ೮ರಂದು ತಡೆಹಿಡಿಯಿತು. ಮಕ್ಕಳ ಕಣ್ಣಿನ ಹಿತವನ್ನು ಚಿಂತಿಸಿದವರೂ, ಅವರ ವಿದ್ಯೆಯ ಹಕ್ಕನ್ನು ಚಿಂತಿಸಿದವರೂ ತಮ್ಮತಮ್ಮ ದೃಷ್ಟಿಯಿಂದ ಸರಿಯಾಗಿಯೇ ಇದ್ದರು. ಮೂರನೆಯ ಪಕ್ಷವೊಂದು ಮಾತ್ರ ಯಾರ ಮುಂದೆಯೂ ನಿಂತು ವಾದಿಸಲಾರದೆ ಹೋಯಿತು. ಅದು ಮೊಬೈಲಿಲ್ಲದ ಮಗು. ಗ್ರಾಮಾಂತರದ ಶಾಲಾಮಕ್ಕಳನ್ನು ಕುರಿತ 'ಅಸರ್' ಸಂಸ್ಥೆಯ ೨೦೨೧ರ ವರದಿಯಂತೆ, ದೇಶದಲ್ಲಿ ನೂರಕ್ಕೆ ೬೭ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನು ಇದ್ದಿತು. ಅಂತಹ ಮನೆಗಳಲ್ಲಿಯೂ ನೂರಕ್ಕೆ ೨೬ ಮಕ್ಕಳಿಗೆ ಅದು ಓದಿಗಾಗಿ ಕೈಗೆ ಸಿಕ್ಕುತ್ತಲೇ ಇರಲಿಲ್ಲ. ತಂದೆ ಅದನ್ನು ಕೆಲಸಕ್ಕೆ ಒಯ್ದರೆ, ಅಣ್ಣನ ಪರೀಕ್ಷೆ ಹತ್ತಿರವಿದ್ದರೆ, ಚಿಕ್ಕವಳ ಪಾಠವು ಅಂದಿಗೆ ಮುಗಿಯಿತೆಂದೇ ಅರ್ಥವಲ್ಲವೆ?

ಆಗ ನಮ್ಮ ರಾಜ್ಯದಲ್ಲಿ ನಡೆದ ಒಂದು ಪ್ರಯತ್ನವನ್ನು ಇಲ್ಲಿ ನೆನೆಯುವುದು ಉಚಿತ. ಆ ವರ್ಷದ ಆಗಸ್ಟಿನಲ್ಲಿ 'ವಿದ್ಯಾಗಮ' ಎಂಬ ಯೋಜನೆಯ ಮೇರೆಗೆ ಸರಕಾರಿ ಶಾಲೆಗಳ ಉಪಾಧ್ಯಾಯರು ಮಕ್ಕಳಿದ್ದ ಕೇರಿಗೇ ಹೋದರು. ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳು, ಎಲ್ಲಿ ಎಡೆ ದೊರೆತರೆ ಅಲ್ಲಿ ಪಾಠ ನಡೆಯಿತು. ಸೋಂಕಿನ ಭಯವು ಹೆಚ್ಚಿ ಅಕ್ಟೋಬರಿನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆರೋಗ್ಯದ ದೃಷ್ಟಿಯಿಂದ ಅದು ಸರಿಯಾಗಿತ್ತೆ ಎಂಬುದು ವಿವಾದದ ವಿಷಯ. ಆದರೆ ಆ ಯೋಜನೆಯು ಮಕ್ಕಳನ್ನು ವಿಂಗಡಿಸಿದ ರೀತಿಯನ್ನು ಗಮನಿಸಬೇಕು: ಸಾಧನವುಳ್ಳವರು, ಸಾಧನವಿಲ್ಲದವರು ಎಂದು ಮೊದಲು ಎಣಿಸಿ, ಇಲ್ಲದವರ ಬಳಿಗೆ ಮನುಷ್ಯರನ್ನು ಕಳುಹಿಸುವುದು ಅದರ ಉದ್ದೇಶವಾಗಿತ್ತು. ತಲಪದ ಮಗುವನ್ನು ಎಣಿಸುವುದೇ ಹೊಣೆಯ ಮೊದಲ ಲಕ್ಷಣ. ತೆರೆಯು ತನ್ನ ಮುಂದೆ ಇರುವವರನ್ನು ಮಾತ್ರ ಎಣಿಸುತ್ತದೆ. ಮುಂದೆ ಇಲ್ಲದವರು ಅದರ ಲೆಕ್ಕಕ್ಕೆ ಬರುವುದಿಲ್ಲ.

೬

ಹಳೆಯ ಉಪಕರಣಗಳಿಗೂ ಈ ಹೊಸದಕ್ಕೂ ಇರುವ ಮತ್ತೊಂದು ಭೇದವನ್ನು ಹೇಳದೆ ಬಿಡಲಾಗದು. ಸ್ಲೇಟು ಮಗುವಿನಿಂದ ಏನನ್ನೂ ಬಯಸುವುದಿಲ್ಲ. ಕರಿಹಲಗೆಯು ಯಾವ ಹುಡುಗನು ಎಷ್ಟು ಹೊತ್ತು ತನ್ನನ್ನು ನೋಡಿದನೆಂದು ಬರೆದಿಟ್ಟುಕೊಳ್ಳುವುದಿಲ್ಲ. ಅಂಗೈಯ ತೆರೆಯ ಹಿಂದೆ ಅದನ್ನು ಮಾಡಿದವರ ಲಾಭವೊಂದು ಕಾದುಕುಳಿತಿರುತ್ತದೆ. ಪಾಠವನ್ನು ತೋರಿಸುವ ಗಾಜಿನ ಮೇಲೆಯೇ ಆಟವೂ ಜಾಹೀರಾತೂ ಬರುತ್ತವೆ. ಕಣ್ಣು ಅಲ್ಲಿಂದ ಏಳದಿದ್ದಷ್ಟೂ ಯಾರಿಗೋ ಸಂಪಾದನೆ. ಮನುಷ್ಯರ ಹಕ್ಕುಗಳನ್ನು ಕುರಿತು ಕೆಲಸ ಮಾಡುವ ಒಂದು ಅಂತರರಾಷ್ಟ್ರೀಯ ಸಂಸ್ಥೆಯು ಸೋಂಕಿನ ಕಾಲದಲ್ಲಿ ಸರಕಾರಗಳು ಶಿಫಾರಸು ಮಾಡಿದ ನೂರಅರುವತ್ತಕ್ಕೂ ಮೇಲ್ಪಟ್ಟ ವಿದ್ಯಾಸಾಧನಗಳನ್ನು ೪೯ ದೇಶಗಳಲ್ಲಿ ಪರಿಶೀಲಿಸಿ, ಅವುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತರಷ್ಟು ಮಕ್ಕಳ ಗುಟ್ಟನ್ನು ಕಾಯುವುದರಲ್ಲಿ ತಪ್ಪಿದುವೆಂದೋ ತಪ್ಪುವ ಅಪಾಯವಿದ್ದಿತೆಂದೋ ೨೦೨೨ರಲ್ಲಿ ತಿಳಿಸಿತು. ೨೦೨೩ರಲ್ಲಿ ನಮ್ಮ ಸಂಸತ್ತು ಮಾಡಿದ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾಯಿದೆಯು ಹದಿನೆಂಟು ವರ್ಷದೊಳಗಿನವರ ಮಾಹಿತಿಯನ್ನು ಉಪಯೋಗಿಸಲು ತಾಯಿತಂದೆಗಳ ಸಮ್ಮತಿ ಬೇಕೆಂದು ವಿಧಿಸಿದೆ. ವಿಧಿಯು ಒಳ್ಳೆಯದೇ. ಆದರೆ ಓದದೆಯೇ 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಒತ್ತುವ ಅಭ್ಯಾಸವು ವಿದ್ಯಾವಂತರ ಮನೆಗಳಲ್ಲಿಯೂ ಎಷ್ಟರಮಟ್ಟಿಗಿದೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಬೆರಳನ್ನು ಕೇಳುವ ಗುರುಗಳು ಈ ಕಾಲಕ್ಕೂ ಇದ್ದಾರೆ. ಅವರು ಬಹಳ ನಯವಾಗಿ ಕೇಳುತ್ತಾರೆ.

೭

ಇನ್ನು ಉಳಿದಿರುವುದು ಎಲ್ಲಕ್ಕಿಂತ ಕಠಿನವಾದ ಆಕ್ಷೇಪ. ಹೊಣೆಯನ್ನು ಹೊರದ ಉಪಾಧ್ಯಾಯರೂ ಇದ್ದಾರಲ್ಲವೆ? ತಪ್ಪು ಕಲಿಸುವವರು, ಬೆತ್ತವನ್ನೇ ನಂಬಿದವರು, ಕೆಳಜಾತಿಯ ಮಗುವನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಮರೆತವರು ಇಲ್ಲವೆ? ಅವರಿಗಿಂತ ಪಕ್ಷಪಾತವರಿಯದ ಯಂತ್ರವು ಲೇಸಲ್ಲವೆ? ಒಬ್ಬನೇ ಉಪಾಧ್ಯಾಯನು ಐದು ತರಗತಿಗಳನ್ನು ನಡೆಸುವ ಶಾಲೆಗಳಲ್ಲಿ ಯಾವ ಹೊಣೆ, ಯಾವ ಗಮನ?

ಇದ್ದಾರೆ, ಇದನ್ನು ಮರೆಮಾಡಿ ಉಪಾಧ್ಯಾಯನ ಮಹಿಮೆಯನ್ನು ಹೊಗಳುವುದು ಪ್ರಾಮಾಣಿಕತೆಯಲ್ಲ. ಅಂತಹ ಶಾಲೆಯ ಮಗುವಿಗೆ ತೆರೆಯ ಪಾಠವು ದೊರೆತರೆ ಅದನ್ನು ಕಸಿದುಕೊಳ್ಳುವ ಅಧಿಕಾರವು ನಮಗಾರಿಗೂ ಇಲ್ಲ. ಏನೂ ಇಲ್ಲದಲ್ಲಿ ಸ್ವಲ್ಪವಿರುವುದು ಮೇಲು. ಆದರೆ ಹೊಣೆಗೇಡಿಯಾದ ಉಪಾಧ್ಯಾಯನನ್ನು ಕುರಿತು ದೂರಲು ಸ್ಥಳವುಂಟು. ಅವನನ್ನು ತಿದ್ದಬಹುದು, ಬದಲಾಯಿಸಬಹುದು, ಕಡೆಗೆ ಅವನೇ ನಾಚಿ ತಿದ್ದಿಕೊಳ್ಳಲೂಬಹುದು. ತಪ್ಪಿತಸ್ಥನೆಂದು ಅವನನ್ನು ಕರೆಯುವುದು ಸಾಧ್ಯವಾದುದೇ ಅವನಲ್ಲಿ ಹೊಣೆಯಿದೆಯೆಂಬುದಕ್ಕೆ ಸಾಕ್ಷಿ. ಉಪಾಧ್ಯಾಯನ ಹುದ್ದೆಯನ್ನು ಖಾಲಿಬಿಟ್ಟು ಆ ಗೋಡೆಗೆ ತೆರೆಯನ್ನು ತೂಗಿಹಾಕಿದರೆ ಮಾತ್ರ ಕಥೆ ಬೇರೆಯಾಗುತ್ತದೆ. ಆಗ ಮಗು ಕಲಿಯದಿದ್ದರೆ ಯಾರನ್ನೂ ಕೇಳುವಂತಿಲ್ಲ. ತೆರೆಯಲ್ಲಿ ಪಾಠವಿದ್ದಿತು, ವಿದ್ಯುಚ್ಛಕ್ತಿಯೂ ಇದ್ದಿತು, ಮಗುವೇ ಕಲಿಯಲಿಲ್ಲ ಎಂದು ದಾಖಲೆಯಾಗುವುದು. ಸೋತ ಅಪವಾದವು ಹತ್ತು ವರ್ಷದ ಮಗುವಿನ ತಲೆಯ ಮೇಲೆ ಬಂದು ಕೂರುವುದು. ಈ ಲೇಖನದ ಆರಂಭದಲ್ಲಿ, ನಷ್ಟಕ್ಕೆ ಗುರಿಯಾಗುವವರು ಯಾರೆಂದು ಕೇಳಿದ್ದೆವು. ಅದಕ್ಕೆ ಉತ್ತರವು ಇದೇ: ಹೊಣೆಯನ್ನು ಹೊರಲಾರದ ವಸ್ತುವಿನ ಮೇಲೆ ಅದನ್ನು ಹೊರಿಸಿದಾಗ ಅದು ಜಾರಿ ಬೀಳುವುದು ಎಲ್ಲರಿಗಿಂತ ಕೆಳಗಿರುವವರ ಮೇಲೆ.

ಆದಕಾರಣ ತರಗತಿಯಲ್ಲಿ ಉಪಕರಣವನ್ನು ಉಪಯೋಗಿಸುವವರು ಮೂರು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಂಡರೆ ಸಾಕೆಂದು ತೋರುತ್ತದೆ. ಇದು ಕಾಣದುದನ್ನು ಕಾಣಿಸುತ್ತಿದೆಯೆ, ಇಲ್ಲವೆ ಅಂಗಳದಲ್ಲಿಯೇ ಕಾಣಬಹುದಾದುದನ್ನು ಮರೆಮಾಡುತ್ತಿದೆಯೆ? ದಾಸವಾಳದ ಕೇಸರವನ್ನು ತೋರಿಸಲು ಚಲಚ್ಚಿತ್ರವೇಕೆ, ಬೇಲಿಯಲ್ಲಿ ಹೂವಿರುವಾಗ? ಇದರಿಂದ ಉಳಿದ ಹೊತ್ತು ಮಕ್ಕಳಿಗೆ ಸೇರಿತೆ, ಇಲ್ಲವೆ ಉಪಾಧ್ಯಾಯನು ಮಕ್ಕಳಿಂದ ತಪ್ಪಿಸಿಕೊಳ್ಳುವುದಕ್ಕೆ ನೆವವಾಯಿತೆ? ಇದು ತಲಪದೆ ಉಳಿದ ಮಗು ಯಾವುದೆಂಬುದು ನಮಗೆ ಹೆಸರು ಹಿಡಿದು ಗೊತ್ತಿದೆಯೆ? ಮೂರಕ್ಕೂ ನೆಮ್ಮದಿಯಾದ ಉತ್ತರವಿದ್ದರೆ ತೆರೆಯನ್ನು ಧಾರಾಳವಾಗಿ ಬೆಳಗಿಸಬಹುದು. ತೋರಿಸಿದಮೇಲೆ ಅದನ್ನು ಆರಿಸಿ ಮಕ್ಕಳ ಕಡೆಗೆ ತಿರುಗುವ ಉಪಾಧ್ಯಾಯನಲ್ಲಿ ಉಪಕರಣಕ್ಕೂ ಒಂದು ಶೋಭೆ ಬರುತ್ತದೆ.

ಈ ವಿಷಯದಲ್ಲಿ ಮನೆಯವರ ಪಾಲೂ ಇದೆ. ಶಾಲೆಗೆ ಮಗುವನ್ನು ಸೇರಿಸಲು ಹೋದಾಗ ಅಲ್ಲಿ ಎಷ್ಟು ತೆರೆಗಳಿವೆ, ಎಷ್ಟು ಗಣಕಯಂತ್ರಗಳಿವೆ ಎಂದು ವಿಚಾರಿಸುವುದು ವಾಡಿಕೆಯಾಗಿದೆ. ಶಾಲೆಯವರೂ ಅವನ್ನೇ ಮುಂದಿಟ್ಟು ತೋರಿಸುವರು. ಸಂಜೆ ಮಗು ಲೆಕ್ಕವನ್ನು ಹಿಡಿದು ಬಂದಾಗ, ಮೊಬೈಲನ್ನು ಕೈಗೆ ಕೊಟ್ಟು ಅಲ್ಲಿಯೇ ನೋಡಿಕೋ ಎಂದು ಹೇಳುವುದೂ ವಾಡಿಕೆಯ ದಾರಿಯಲ್ಲಿದೆ. ಅದರಲ್ಲಿ ಉತ್ತರವು ಸಿಕ್ಕುವುದು ನಿಜ. ಆದರೆ ಮಗು ಬಂದುದು ಬಹುಶಃ ಉತ್ತರಕ್ಕಾಗಿ ಮಾತ್ರವಲ್ಲ. ತನಗೆ ತಿಳಿಯಲಿಲ್ಲವೆಂಬುದು ಇನ್ನೊಬ್ಬರಿಗೆ ತಿಳಿಯಲಿ ಎಂಬುದಕ್ಕಾಗಿಯೂ ಇರಬಹುದು. ನಮಗೆ ಆ ಲೆಕ್ಕ ಬಾರದಿದ್ದರೂ ಚಿಂತೆಯಿಲ್ಲ. ಹತ್ತಿರ ಕುಳಿತು, ಎಲ್ಲಿಯವರೆಗೆ ತಿಳಿಯಿತೆಂದು ಕೇಳಬಹುದಲ್ಲವೆ? ಹಾಗೆಯೇ ಶಾಲೆಯಲ್ಲಿ ಕೇಳತಕ್ಕ ಪ್ರಶ್ನೆಯೂ ಒಂದೇ: ನನ್ನ ಮಗುವಿಗೆ ತಿಳಿಯದೆ ಹೋದ ದಿನ, ಅದು ತಿಳಿಯಲಿಲ್ಲವೆಂದು ಇಲ್ಲಿ ಯಾರಿಗೆ ಗೊತ್ತಾಗುತ್ತದೆ? ಆ ಪ್ರಶ್ನೆಗೆ ಒಬ್ಬ ಮನುಷ್ಯನ ಹೆಸರು ಉತ್ತರವಾಗಿ ಬರುವ ಶಾಲೆಯಲ್ಲಿ ತೆರೆಯಿದ್ದರೂ ಸರಿ, ಮರಳಿದ್ದರೂ ಸರಿ, ಪಾಠ ನಡೆಯುತ್ತದೆ.